ದಾಮೋದರಣ್ಣನ ನೀರಿನ ವಾಚು

ಮುಂಬಯಿ ಹತ್ತಿರದ ಕಲ್ಯಾಣದ ವಾಚಿನಂಗಡಿಯಲ್ಲಿ ನಿಂತಲ್ಲೇ ಈಜಿದ ಮನುಷ್ಯನೆಂದರೆ ದಾಮೋದರಣ್ಣ ಒಬ್ಬನೇ. ಹೊಸ ವಾಚು ಕಟ್ಟಿಕೊಂಡು, ತೋಳು ಬೀಸಿ ಬೀಸಿ ಗಾಳಿಯನ್ನು ಹಿಂದಕ್ಕೆ ತಳ್ಳುತ್ತಿದ್ದರೆ ಉಳಿದ ಗಿರಾಕಿಗಳು ಸರಿದು ನಿಂತರು. ಆಮೇಲೆ ಸ್ಟೂಲಿನ ಮೇಲೆ ಕೂತು ಇಲ್ಲದ ದೋಣಿಗೆ ಹುಟ್ಟು ಹಾಕಿದ. "ಕೀ ಕೊಡುವ ಗುಂಡಿ ಕೈಗೆ ಚುಚ್ತದೆ. ಇದು ಬೇಡ."

ಚರ್ಮದ ಪಟ್ಟಿ ಕೊಳೆಯುತ್ತದೆ, ಚೈನು ಜಾರುತ್ತದೆ ಎಂದು ಒಂದೊಂದನ್ನೇ ಬದಿಗಿಟ್ಟ. ಅಂಗಡಿಯವನು, "ವಾಟರ್‌ಪ್ರೂಫ್ ಹೈ ಸಾಬ್, ಆರಾಮ್ ಸೆ ಹಾಥ್ ಧೋಯಿಯೇ" ಎಂದಾಗ ನಮ್ಮತ್ತ ತಿರುಗಿ, "ಬರೀ ಕೈ ತೊಳೀಲಿಕ್ಕೆ ಇದೆಂತಕ್ಕೆ ಮಾರಾಯ್ರೆ?" ಎಂದ. ನನ್ನ ಹೆಂಡತಿ ವಾರಿಜ ಬಿದ್ದು ಬಿದ್ದು ನಕ್ಕಳು. ನನ್ನ ಯಾವ ತಮಾಷೆಗೂ ಅವಳು ಹಾಗೆ ನಕ್ಕ ನೆನಪಿಲ್ಲ.

ತೊಂಬತ್ತರ ದಶಕದ ಮಾತು. ಡೊಂಬಿವಲಿಯಲ್ಲಿ ಅವನದು ನಮ್ಮ ಎದುರು ಮನೆ. ಅವನೂ ವಾರಿಜಳೂ ಉಡುಪಿ ಕಡೆಯವರು. ಎದುರಾದರೆ ಸಾಕು, ತುಳು ಶುರು. ನಾನು ವಿಜಾಪುರದವ. ತುಳುವೂ ಬಾರದು, ಈಜೂ ಬಾರದು. ಪ್ರತಿ ಭಾನುವಾರ ಬೆಳಿಗ್ಗೆ ಅವನು ಈಜುಕೊಳದಿಂದ ಒದ್ದೆ ತಲೆಯಲ್ಲೇ ಬಂದು, "ವಾರಿಜಕ್ಕ, ಚಾ ಉಂಟಾ?" ಎನ್ನುವನು. ಅಕ್ಕ ಎನ್ನುತ್ತಾನಲ್ಲ ಎಂದು ನಾನು ಸುಮ್ಮನಿರಬಹುದಿತ್ತು. ಆದರೆ ಹೊಟ್ಟೆಯುರಿ ಕೇಳಬೇಕಲ್ಲ.

ಕೊನೆಗೆ ಅವನು ಆರಿಸಿದ್ದು ರಬ್ಬರ್ ಪಟ್ಟಿಯ ಕಪ್ಪು ವಾಚು. ಅಂಥದ್ದೇ ಇನ್ನೊಂದು ನನಗೂ ಬೇಕೆಂದೆ.

"ನಿಮಗೆಂತಕ್ಕೆ? ಬಕೆಟ್ ಸ್ನಾನಕ್ಕಾ?" ಎಂದಳು ವಾರಿಜ.

"ಯಾಕ, ನಾ ನೀರಿಗೆ ಇಳಿಯಂಗಿಲ್ಲೇನು?"

ಮುಂದಿನ ವಾರ ಪಕ್ಕದ ಠಾಣೆ ಊರಿನ ಕೆರೆಯಲ್ಲಿ ಮೂವರೂ ಬಾಡಿಗೆ ದೋಣಿ ಹತ್ತಿದೆವು. ಅವನು ಹುಟ್ಟು ಹಾಕಿದಾಗ ನೆಟ್ಟಗೆ ಹೋಗುತ್ತಿದ್ದ ದೋಣಿ, ನಾನು ಕಸಿದುಕೊಂಡದ್ದೇ ತಡ, ಇದ್ದಲ್ಲೇ ಗಿರಗಿರ ಸುತ್ತತೊಡಗಿತು. "ಬಲಗೈಗೆ ಸಿಟ್ಟು ಜಾಸ್ತಿ ನಿಮಗೆ. ಎಡಗೈಗೂ ಸ್ವಲ್ಪ ಕೊಡಿ" ಎಂದು ನನ್ನ ಕೈಮೇಲೆ ಕೈಯಿಟ್ಟು ಕಲಿಸಿದ. ದೋಣಿ ನೆಟ್ಟಗಾಯಿತು. ನನಗೆ ಅದಕ್ಕೂ ಉರಿಯಿತು.

ಆ ವರ್ಷವೇ ಅವನಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ನನ್ನ ಎರಡೂ ಕೈ ಹಿಡಿದು, "ಈಜು ಕಲೀರಿ. ಒಳ್ಳೆ ವಾಚು, ಸುಮ್ಮನೆ ಒಣಗ್ತಾ ಉಂಟು" ಎಂದ. ಆಗಲಿ ಎಂದೆ. ಪೀಡೆ ತೊಲಗಿತೆಂದು ಒಳಗೊಳಗೇ ಹಿಗ್ಗಿದೆ. ಮತ್ತೆ ನಾನು ಅವನನ್ನು ನೋಡಲಿಲ್ಲ.

ಅವನು ಹೋದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ವಾರಿಜ ಮೆಲ್ಲನೆ ನನ್ನ ಮಣಿಕಟ್ಟು ಹಿಡಿದು ತನ್ನತ್ತ ಎಳೆದುಕೊಂಡಳು. ನನಗೆ ಎಷ್ಟು ಖುಷಿಯಾಯಿತೆಂದರೆ ಲೋಟ ಕೆಳಗಿಟ್ಟೆ. ಅವಳು ವಾಚು ನೋಡಿದಳು.

"ದಾಮೋದರಣ್ಣ ಈಜಿ ಬರುವ ಹೊತ್ತು" ಎಂದಳು.