ಕೃಷಿ ಹೊಂಡಕ್ಕೆ ಬಿದ್ದ ಚಪ್ಪಲಿ

ಕಳೆದ ತಿಂಗಳು ಒಂದು ಭಾನುವಾರ ನನ್ನ ಕಣ್ಣೆದುರೇ ಒಬ್ಬ ಮನುಷ್ಯ ಚಪ್ಪಲಿಗಾಗಿ ನೀರಿಗೆ ಬಿದ್ದ. ಅದೂ ಒಂಟಿ ಚಪ್ಪಲಿಗಾಗಿ.

ಆತ ನನ್ನ ಗೆಳೆಯ ಗೋಪಾಲ. ಕುಂದಾಣದ ಹತ್ತಿರ ಅವನದೊಂದು ಸಣ್ಣ ತೋಟವಿದೆ. ಕೆಲವು ವರ್ಷಗಳಿಂದ ಅವನು ಬಟ್ಟೆಯಂಗಡಿಯ ಮೆಟ್ಟಿಲು ಹತ್ತಿಲ್ಲ. ದೊಡ್ಡಬಳ್ಳಾಪುರದಿಂದ ನೂಲು ತಂದು, ಜಗುಲಿಯ ಮೇಲಿನ ಪುಟ್ಟ ಮಗ್ಗದಲ್ಲಿ ತಾನೇ ನೇಯುತ್ತಾನೆ. ಹೆಂಡತಿ ಶಾರದಾ ಅಂಗಿ ಹೊಲಿಯುತ್ತಾಳೆ. (ಕಾಲರ್ ಮಾತ್ರ ಯಾವಾಗಲೂ ಒಂದು ಕಡೆಗೆ ವಾಲಿರುತ್ತದೆ.) ಚಪ್ಪಲಿಯೂ ಮನೆಯದೇ. ತೆಂಗಿನ ನಾರಿನ ಹುರಿಯನ್ನು ಸುತ್ತಿ ಹೊಲಿದ ಅಟ್ಟೆ, ಮೇಲೆ ಹತ್ತಿಯ ಪಟ್ಟಿ. ಒಂದು ಜೋಡಿ ಮುಗಿಯಲು ವಾರಗಳೇ ಹಿಡಿಯುತ್ತವೆ.

ನಾವು ಮೂವರೂ ಅವನ ಕೃಷಿ ಹೊಂಡದ ದಂಡೆಯ ಮೇಲೆ ನಿಂತಿದ್ದೆವು. ಆಳವಾದ ಹೊಂಡ, ಸುತ್ತ ಇಳಿಜಾರು, ಅದರ ಮೇಲೆಲ್ಲ ಕಪ್ಪು ಪ್ಲಾಸ್ಟಿಕ್ ಹಾಳೆ. ಗೋಪಾಲ ಮಾತಾಡುತ್ತಾ ಹಿಂದಕ್ಕೆ ತಿರುಗಿದ. ಚಪ್ಪಲಿ ಕಾಲಿನಿಂದ ಜಾರಿ, ಉರುಳಿ, ನೀರಿನಲ್ಲಿ ತೇಲಿತು.

"ಬಿಡ್ರೀ, ಗಾಳಿಗೆ ತಾನಾಗೇ ದಡಕ್ಕೆ ಬರ್ತದೆ" ಎಂದಳು ಶಾರದಾ.

"ಸುಮ್ನಿರೇ, ನೆಂದು ಮುಳುಗೋಯ್ತದೆ."

ಕೋಲು ಹಿಡಿದು ಅವನು ಹಾಳೆಯ ಮೇಲೆ ಒಂದು ಕಾಲಿಟ್ಟ. ಅಷ್ಟೇ. ಮಕ್ಕಳು ಜಾರುಬಂಡೆಯಲ್ಲಿ ಇಳಿಯುವಂತೆ ಕೂತಲ್ಲೇ ನೀರಿಗೆ ಇಳಿದುಹೋದ. ಅವನಿಗೆ ಈಜು ಬರುವುದಿಲ್ಲ.

ಪಾಚಿ ಕಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ಉಗುರಿಗೂ ಹಿಡಿತವಿರುವುದಿಲ್ಲ. ಹತ್ತಲು ಹೋದ, ಜಾರಿದ. ಮತ್ತೆ ಹತ್ತಲು ಹೋದ, ಮತ್ತೆ ಜಾರಿದ. ಶಾರದಾ ಓಡಿಹೋಗಿ, ಹಸು ಕಟ್ಟಿದ್ದ ನೈಲಾನ್ ಹಗ್ಗ ಬಿಚ್ಚಿ ತಂದಳು. ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ಅವನತ್ತ ಎಸೆದಳು.

"ಎರಡೂ ಕೈಲಿ ಹಿಡ್ಕೊಳ್ರೀ!"

ಅಷ್ಟರಲ್ಲಿ ತೇಲುತ್ತಿದ್ದ ಚಪ್ಪಲಿ ಅವನ ಒಂದು ಕೈಗೆ ಸಿಕ್ಕಿತ್ತು. ನಾನು ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದೇನೆ. ಅವನು ಮೊದಲು ಚಪ್ಪಲಿಯನ್ನು ದಡಕ್ಕೆ ಎಸೆದ. ಎಸೆದ ರಭಸಕ್ಕೆ ತಾನು ಪೂರ್ತಿ ಮುಳುಗಿದ. ಮೇಲೆ ಬಂದ ಮೇಲೆ ಹಗ್ಗ ಹಿಡಿದ.

ಎಳೆದುಕೊಂಡೆವು. ಅವನು ಬಹಳ ಹೊತ್ತು ಕೆಮ್ಮುತ್ತಾ ಕೂತಿದ್ದ.

"ಲೇ, ಯಾಕೋ ಹಂಗ್ ಮಾಡ್ದೆ?" ಎಂದೆ.

"ಅಂಗಡೀದಾಗಿದ್ರೆ ಹೋದ್ರೆ ಹೋಗ್ಲಿ ಅಂತಿದ್ದೆ ಕಣೋ. ಇದು ನಾನ್ ಮಾಡಿದ್ದು."

"ನನ್ನನ್ನ ನೀವ್ ಮಾಡಿಲ್ಲ ನೋಡಿ, ಅದಕ್ಕೇ ನಾನ್ ನೆನಪಿಗೆ ಬರ್ಲಿಲ್ಲ" ಎಂದಳು ಶಾರದಾ. ಅವನು ಚಪ್ಪಲಿಯ ನೀರು ಹಿಂಡತೊಡಗಿದ.

ಕಡಿಮೆ ವಸ್ತು, ಕಡಿಮೆ ಮೋಹ. ಸರಳ ಬದುಕಿನ ಬಗ್ಗೆ ನಾವೆಲ್ಲ ಹೇಳಿಕೊಂಡು ಬಂದದ್ದು ಇದನ್ನೇ ಅಲ್ಲವೇ? ಆನ್‌ಲೈನ್‌ನಲ್ಲಿ ತರಿಸಿದ ನನ್ನ ಶೂ ಕಾಣೆಯಾದರೆ ಸಂಜೆಯೊಳಗೆ ಮರೆಯುತ್ತೇನೆ. ಮೋಹವಿಲ್ಲದವನು ಹಾಗಾದರೆ ಯಾರು, ನಾನೋ ಅವನೋ? ಅವನ ಬದುಕನ್ನು ನಾನು ಈಗಲೂ ಮೆಚ್ಚುತ್ತೇನೆ.

ಮೊನ್ನೆ ಫೋನ್ ಮಾಡಿದಾಗ ಶಾರದಾ ಎತ್ತಿದಳು. ಗೋಪಾಲ ಹುಷಾರಾಗಿದ್ದಾನಂತೆ. ಹೊಸ ಜೋಡಿ ಶುರು ಮಾಡಿದ್ದಾನಂತೆ, ಈ ಸಲ ಹಿಮ್ಮಡಿಗೂ ಪಟ್ಟಿ ಇಟ್ಟು.

"ನಾನ್ ಬೇಡ ಅನ್ನಲ್ಲ ಅಣ್ಣ. ಚಪ್ಪಲಿ ಮತ್ತೆ ನೀರಿಗೆ ಬಿದ್ರೆ ಬಿಟ್ಬಿಡ್ತೀನಿ ಅಂತ ಒಂದ್ ಮಾತು ಕೊಡಿ ಅಂದೆ. ಒಂದ್ ಚಪ್ಪಲಿ ಮುಗ್ದೋಯ್ತು, ಮಾತಿನ್ನೂ ಕೊಟ್ಟಿಲ್ಲ."