ಆರು ಗಂಟೆಯ ಮೇಲೆ ಆನ್‌ಲೈನ್

ಕಳೆದ ವಾರ ಬಸ್ಸಿನಲ್ಲಿ ಯಾರೋ ರೇಷ್ಮೆಗೂಡಿನ ಚೀಲವನ್ನು ನನ್ನ ಕಾಲ ಬಳಿ ತಂದಿಟ್ಟರು. ಹಸಿ ಗೂಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಿಯುಸಿಯಲ್ಲಿ ಜೊತೆಗೆ ಓದಿದ ಹುಡುಗಿಯೊಬ್ಬಳು ನೆನಪಾದಳು. ಅವಳ ಮನೆಯಲ್ಲಿ ಹುಳ ಸಾಕುತ್ತಿದ್ದರು. ಬಟ್ಟೆಗೂ ಅದೇ ವಾಸನೆ ಹತ್ತಿರುತ್ತದೆಂದು ನಾಚಿ, ದಿನವೂ ಪೌಡರ್ ಬಳಿದುಕೊಂಡು ಕಾಲೇಜಿಗೆ ಬರುತ್ತಿದ್ದಳು...

ಹೊಂಗನೂರಿನಲ್ಲಿ ಅವಳು ಬಸ್ಸು ಹತ್ತುವಳು. ಮುಂದಿನ ಸ್ಟಾಪಿನಲ್ಲಿ ನಾನು. ಚನ್ನಪಟ್ಟಣ ತಲುಪುವಷ್ಟರಲ್ಲಿ ನಾವು ಆಡಿದ ಮಾತೇನೂ ಹೆಚ್ಚಿರುತ್ತಿರಲಿಲ್ಲ. ಆದರೂ ಆ ವರ್ಷ ನಾನು ಒಂದು ದಿನವೂ ರಜೆ ಹಾಕಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳೇ ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಫೋನ್ ನಂಬರ್ ಬರೆದುಕೊಟ್ಟಳು.

“ಆರು ಗಂಟೆ ಮೇಲೆ ಮಾತ್ರ ಮೆಸೇಜ್ ಹಾಕ್ಬ್ಯಾಡ ಕಣೋ,” ಅಂದಳು. ಯಾಕೆ ಎಂದು ನಾನು ಕೇಳಲಿಲ್ಲ.

ಮೆಸೇಜ್ ಹಾಕಲಿಲ್ಲ ನಿಜ. ಆದರೆ ಆರು ಗಂಟೆಯ ಮೇಲೆ ಅವಳ ಹೆಸರನ್ನು ತೆರೆದಿಟ್ಟುಕೊಂಡು ನೋಡುತ್ತಾ ಕೂರುತ್ತಿದ್ದೆ. ದಿನಾ ಆನ್‌ಲೈನ್! ಏಳಕ್ಕೂ ಆನ್‌ಲೈನ್, ಎಂಟಕ್ಕೂ ಆನ್‌ಲೈನ್. ನನಗೆ ಬೇಡ ಎಂದ ಹೊತ್ತು ಇನ್ಯಾರಿಗೆ ಬೇಕಾಗಿದೆ? ನಮ್ಮ ತರಗತಿಯಲ್ಲಿ ಬೈಕಿನಲ್ಲಿ ಬರುವವನೊಬ್ಬನಿದ್ದ. ಅವಳು ಅವನ ಲ್ಯಾಬ್ ರೆಕಾರ್ಡ್ ತೆಗೆದುಕೊಂಡು ಹೋಗಿ ಬರೆದುಕೊಳ್ಳುತ್ತಿದ್ದಳು. ನನಗೆ ಅಷ್ಟೇ ಸಾಕಾಯಿತು. ಓದಲು ಕೂತರೂ ಊಟಕ್ಕೆ ಕೂತರೂ ಅವರಿಬ್ಬರೇ ಕಣ್ಣೆದುರಿಗೆ ಬರುತ್ತಿದ್ದರು.

ಒಂದು ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ಅವಳು ಅವನಿಗೆ ರೆಕಾರ್ಡ್ ವಾಪಸ್ ಕೊಡುತ್ತಿದ್ದಳು. ಏನೋ ಹೇಳಿ ನಕ್ಕಳು. ನನ್ನ ತಲೆ ಕೆಟ್ಟುಹೋಯಿತು.

“ಸಾಯಂಕಾಲ ಪೂರಾ ಇವನ್ ಜೊತೆನೇ ಅಲ್ವಾ ಚಾಟಿಂಗು? ನಂಗೊಬ್ಬನಿಗೇ ರೂಲ್ಸು!” ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

 ಅವಳ ಮುಖ ಬಿಳಿಚಿಕೊಂಡಿತು. ಅವಳೂರಿನ ಹಿರಿಯರೊಬ್ಬರು ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ಕಡ್ಲೆಕಾಯಿ ಬಿಡಿಸುತ್ತಿದ್ದರು. ಅವರ ಕೈ ನಿಂತದ್ದನ್ನು ನಾನು ನೋಡಿದೆ. ನೋಡಿಯೂ ಸುಮ್ಮನಾಗಲಿಲ್ಲ, ಇನ್ನೆರಡು ಮಾತು ಸೇರಿಸಿದೆ.

ಮರುದಿನ ಬಸ್ಸಿನಲ್ಲಿ ಅವಳಿರಲಿಲ್ಲ. ಆಮೇಲೂ ಬರಲಿಲ್ಲ. ಬಸ್ ಸ್ಟಾಪಿನ ಮಾತು ಮನೆಗೆ ಮುಟ್ಟಿ, ರಾಮನಗರದ ದೊಡ್ಡಮ್ಮನ ಮನೆಯಲ್ಲಿಟ್ಟು ಅಲ್ಲಿಯ ಕಾಲೇಜಿಗೇ ಸೇರಿಸಿದ್ದಾರೆಂದು ಅವಳ ಗೆಳತಿ ಹೇಳಿದಳು. ನನಗಿನ್ನೂ ಕೋಪವೇ ಇತ್ತು. ಸಿಕ್ಕಿಬಿದ್ದಳು, ಅದಕ್ಕೇ ಹೋದಳು ಅಂದುಕೊಂಡಿದ್ದೆ.

ಒಂದೆರಡು ತಿಂಗಳಾದ ಮೇಲೆ ಮಾವನ ಜೊತೆ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಹರಾಜಿಗೆ ಇನ್ನೂ ಸಮಯವಿತ್ತು. ಪಕ್ಕದಲ್ಲಿ ನಿಂತಿದ್ದ ರೈತರೊಬ್ಬರು ಫೋನನ್ನು ನನ್ನ ಕೈಗೆ ಕೊಟ್ಟರು.

“ಒಸಿ ಇದ ಓದೇಳಪ್ಪ. ಕನ್ನಡಕ ಮನೇಲೇ ಬುಟ್ಟು ಬಂದ್ಬುಟ್ಟೆ.”

ಮೂಲೆ ಒಡೆದ ಫೋನು. ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ ಬರೆದ ಸಣ್ಣ ಹೂವು. ಬಸ್ಸಿನಲ್ಲಿ ದಿನವೂ ಅವಳ ಕೈಯಲ್ಲಿ ನೋಡುತ್ತಿದ್ದ ಫೋನು! ತೆರೆದಿದ್ದದ್ದು ರೇಷ್ಮೆ ಬೆಳೆಗಾರರ ಗ್ರೂಪು. ಅದರ ತುಂಬ ಹುಳದ ರೋಗ, ಔಷಧಿ, ಸೊಪ್ಪಿನ ವಿಚಾರ.

“ಸಂಜೆ ತೋಟದಿಂದ ಬಂದ್ಮೇಲೆ ಇದನ್ನೇ ನೋಡ್ಕೊಂಡ್ ಕೂತಿರ್ತೀನಿ. ಮೊದ್ಲು ಮಗಳು ಓದೇಳೋಳು. ಈಗ ಅವ್ಳು ಊರಲ್ಲಿಲ್ಲ,” ಅಂದರು.

ನಾನು ಹೇಗೋ ಓದಿ ಹೇಳಿದೆ. ದಿನಾ ಸಂಜೆ ಆನ್‌ಲೈನ್ ಇರುತ್ತಿದ್ದವರು ಇವರೇ...

ಮರುದಿನವೇ ಅವಳ ಹೊಸ ಕಾಲೇಜಿನ ಗೇಟಿನ ಬಳಿ ಹೋಗಿ ನಿಂತೆ. ಅವಳು ಓಡಿಹೋಗಲಿಲ್ಲ, ಬೈಯಲೂ ಇಲ್ಲ. ತಪ್ಪಾಯಿತು ಎಂದೆ.

“ಎಲ್ರ ಹತ್ರಾನೂ ಸ್ವಂತ ಫೋನ್ ಐತೆ, ನಂಗೊಬ್ಳಿಗೆ ಇಲ್ಲ ಅಂತ ನಾಚ್ಕೆ ಆಗಿತ್ತು. ಆದ್ರೂ ಕೇಳಿದ್ರೆ ಹೇಳ್ತಿದ್ದೆ. ನೀನು ಕೇಳ್ಲೇ ಇಲ್ಲ ಕಣೋ, ಎಲ್ರ ಮುಂದೆ ಅಂದ್ಬುಟ್ಟೆ,” ಅಂದಳು. ಬ್ಯಾಗನ್ನು ಹೆಗಲಿಗೇರಿಸಿಕೊಂಡು, “ಸಂಜೆ ಫೋನು ತನ್ ಕೈಲೇ ಇರ್ತಿತ್ತು ಅಂತ ಗೊತ್ತಿದ್ರೂ, ಮಗಳು ಊರೋರ ಬಾಯಿಗೆ ಬಿದ್ಲು ಅಂತ ಅಪ್ಪ ನನ್ ಜೊತೆ ಸರ್ಯಾಗಿ ಮಾತಾಡಿ ಎರಡು ತಿಂಗಳಾಯ್ತು. ಇನ್ಮೇಲೆ ಬರ್ಬ್ಯಾಡ,” ಎಂದು ಒಳಗೆ ಹೋದಳು.

ನಾನು ಮತ್ತೆ ಹೋಗಲಿಲ್ಲ. ಅವಳ ಅಪ್ಪನ ಬಳಿ ಹೋಗಿ ಹೊಟ್ಟೆಕಿಚ್ಚಿಗೆ ಹಾಗೆ ಕೂಗಿದವನು ನಾನೇ ಎಂದು ಹೇಳುವ ಧೈರ್ಯವೂ ಬರಲಿಲ್ಲ. ಇವತ್ತಿಗೂ ಹೆಚ್ಚು ಚುಚ್ಚುವುದು ಅದೇ.

ನಾನೀಗ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿದ್ದೇನೆ. ಹೋದ ವರ್ಷ ಕನಕಪುರದಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ಅವಳು ಎದುರಾದಳು. ತೋಳಿನಲ್ಲಿ ಪುಟ್ಟ ಮಗು. ಗುರುತು ಹಿಡಿದು, ಅಕ್ಕರೆಯಿಂದಲೇ ನಕ್ಕು ಕೇಳಿದಳು: “ಚೆನ್ನಾಗಿದ್ದೀರಾ?”

ಒಮ್ಮೆಯೂ ಅವಳು ನನ್ನನ್ನು ‘ನೀವು’ ಅಂದವಳಲ್ಲ.

“ಚೆನ್ನಾಗಿದ್ದೀನಿ. ನೀವು?” ಅಂದೆ.