ಉಪ್ಪು ನೋಡುವ ಅಧಿಕಾರ

ನಮ್ಮ ಅತ್ತೆಯ ಖಾನಾವಳಿ ಶಹಾಪುರದ ಕಾಲುವೆ ಕಚೇರಿಯ ಎದುರಿಗಿತ್ತು. ಸುರಪುರದಿಂದ ಸೊಸೆಯಾಗಿ ಬಂದು ವರ್ಷಗಳಾದರೂ ಅಲ್ಲಿಯ ಉಪ್ಪಿನ ಡಬ್ಬಿ ಮುಟ್ಟುವ ಅಧಿಕಾರ ನನಗಿರಲಿಲ್ಲ. ರೊಟ್ಟಿ ನಾನು ಬಡಿಯಬೇಕು, ಪಲ್ಯದ ಸೊಪ್ಪು ನಾನು ಸೋಸಬೇಕು, ಒಗ್ಗರಣೆಯೂ ನನ್ನದೇ. ಕಡೆಗೆ ಅತ್ತೆ ಬಂದು ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿ, ಉಪ್ಪು ಉದುರಿಸಿದ ಮೇಲೆಯೇ ಅದು ಹೊರಗೆ ಹೋಗುತ್ತಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಈಕೆಗೆ ಗಾದೆಯ ಮೊದಲರ್ಧ ಮಾತ್ರ ಗೊತ್ತೇನೋ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಒಂದು ದಿನವಾದರೂ ನನ್ನ ಕೈಯನ್ನು ನಂಬಲಿ ಎಂಬುದಷ್ಟೇ ನನ್ನ ಆಸೆ.

ಕಾಲುವೆಗೆ ನೀರು ಬಿಟ್ಟರೆ ನಾರಾಯಣಪುರ ಅಣೆಕಟ್ಟಿನ ಕಡೆಯಿಂದ ಕಚೇರಿಗೆ ಬರುವ ಸಿಬ್ಬಂದಿಯದು ಫೋನಿನ ಮೇಲೆ ಫೋನು: "ಇವತ್ತೇನದ್ರಿ ಊಟಕ್ಕ?" ಅದಕ್ಕೇ ಖಾನಾವಳಿಗೊಂದು ವೆಬ್‌ಸೈಟ್ ಮಾಡಿದೆ. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬುದು ದೊಡ್ಡ ಹೆಸರಿನ ಸಣ್ಣ ಅನುಕೂಲ. ಪುಟವನ್ನು ಒಮ್ಮೆ ಸಿದ್ಧಮಾಡಿದರೆ ಆಯಿತು, ಆಮೇಲೆ ಖಾಲಿ ಜಾಗದಲ್ಲಿ ಆ ದಿನದ ಅಡುಗೆ ಬರೆದರೆ ಸಾಕು.

"ತಾಟು ಅದೇ ಇರ್ತದ್ರಿ ಅತ್ತಿ, ಪಲ್ಯ ಅಷ್ಟ ದಿನಾ ಬದಲಿ," ಎಂದೆ. ಅತ್ತೆಗೆ ತಟ್ಟನೆ ತಿಳಿಯಿತು. ತಾನೂ ಬರೆಯುತ್ತೇನೆಂದು ಹಟ ಹಿಡಿದರು. ಬರೆಯುವ ಖಾತೆ ಕೊಟ್ಟೆ. ಪ್ರಕಟಿಸುವ ಗುಂಡಿ ನನ್ನ ಹತ್ತಿರವೇ ಉಳಿಯಿತು.

ಒಂದೇ ಬೆರಳಿನಲ್ಲಿ 'ಪುಂಡಿಪಲ್ಯ, ಜ್ವಾಳದ ರೊಟ್ಟಿ' ಎಂದು ಒತ್ತಿದ ಅತ್ತೆ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಪರಿಶೀಲನೆಗೆ ಕಳಿಸಿ ಅಂತದಲ್ಲ ಇದು? ಯಾರ್ ನೋಡಬೇಕು?"

"ನಾನ್ರಿ. ನಾ ಹೂಂ ಅಂದಮ್ಯಾಲ ಹೊರಗ ಬರ್ತದ."

"ನಾ ಬರದಿದ್ದು ನೀ ನೋಡಾಕಿ? ನನ್ನ ಖಾನಾವಳ್ಯಾಗ?"

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. "ನಾ ಮಾಡಿದ ಪಲ್ಯ ನೀವು ನೋಡಂಗಿಲ್ಲೇನ್ರಿ?" ಎಂದುಬಿಟ್ಟೆ.

ಅತ್ತೆ ಫೋನನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋದರು.

ಮಧ್ಯಾಹ್ನ ಪುಂಡಿಪಲ್ಯ ಇಳಿಸಿ, ಎಂದಿನಂತೆ ಕಾದು ನಿಂತೆ. ಅತ್ತೆ ಬಂದವರೇ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

"ನೀನಽ ನೋಡವಾ. ಗಿರಾಕಿ ಕಾಯಾಕತ್ತಾರ."

ಉಪ್ಪು ಹಾಕಿ ತಿರುವಿದೆ. ಅತ್ತೆ ಪಾತ್ರೆ ಎತ್ತಿಕೊಂಡು ಹೋಗಿ, ರುಚಿಯೂ ನೋಡದೆ ಬಡಿಸಿದರು. ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಸಂಜೆ ಅವರ ಖಾತೆಗೂ ಪ್ರಕಟಿಸುವ ಗುಂಡಿ ಕೊಟ್ಟೆ. ಮರುದಿನದ ಅಡುಗೆ ಬರೆದು ಮುಗಿಸಿದ ಅತ್ತೆ ಫೋನನ್ನು ನನ್ನ ಕಡೆ ತಿರುಗಿಸಿದರು. "ಒಂದ್ಸಲ ನೋಡು."

"ನಾ ನೋಡಂಗಿಲ್ರಿ ಅತ್ತಿ," ಎಂದೆ. "ಒತ್ರಿ."